ಮೂಸಿ ನೋಡುವ ಕೆಲಸ

ಮೂವತ್ತೈದನೆಯ ವಯಸ್ಸಿನಲ್ಲಿ ನಿವೃತ್ತಳಾದೆ ಎಂದರೆ ಜನ ನಗುತ್ತಾರೆ. ಒಮ್ಮೆ ಬ್ಯಾಂಕಿನ ಅರ್ಜಿಯಲ್ಲಿ ಉದ್ಯೋಗದ ಮುಂದೆ ಹಾಗೆಂದೇ ಬರೆದಿದ್ದೆ. ಕೌಂಟರಿನಲ್ಲಿದ್ದವಳು ಅರ್ಜಿಯನ್ನೂ ನನ್ನನ್ನೂ ಎರಡು ಸಲ ನೋಡಿ, "ಮೇಡಂ, ಇದು ನಿಮ್ ತಂದೇದಾ?" ಎಂದು ಕೇಳಿದಳು. ಆದರೆ ಬೇರೆ ಪದ ನನಗೆ ಸಿಕ್ಕಿಲ್ಲ. ನಾನು ಕೆಲಸ ಬದಲಿಸಿದವಳಲ್ಲ, ಬೇಸತ್ತು ಬಿಟ್ಟವಳೂ ಅಲ್ಲ. ಹನ್ನೊಂದು ವರ್ಷ ಮಾಡಿದ್ದನ್ನು ಇನ್ನು ಮಾಡಲಾರೆ, ಅಷ್ಟೆ.

ಕೆಲಸ ಇದು: ಸಾಕುಪ್ರಾಣಿಗಳ ಪಂಜರದಲ್ಲಿ ಇಡುವ ಮರದ ಕೊಂಬೆಗಳನ್ನು ಸಿದ್ಧಮಾಡುವುದು. ಹಕ್ಕಿ ಕೂರುವ ಕೊಂಬೆ, ಹ್ಯಾಮ್‌ಸ್ಟರ್ ಅಡಗುವ ಪೊಳ್ಳು ಬೊಡ್ಡೆ, ಓತಿಕ್ಯಾತದ ಜಾತಿಯ ಪ್ರಾಣಿಗಳು ಹತ್ತುವ ಕವಲು. ಮರ ಕಡಿದು ಸಿಕ್ಕಿಸಿದರೆ ಮುಗಿಯಿತಲ್ಲ ಎಂದು ಎಲ್ಲರೂ ಕೇಳುತ್ತಾರೆ. ಪಂಜರದ ಹಕ್ಕಿಗೆ ಕೊಂಬೆಯೇ ನೆಲ, ಅದೇ ಆಟದ ಸಾಮಾನು. ಇಡೀ ದಿನ ಅದನ್ನು ಕಚ್ಚುತ್ತದೆ, ಸಿಪ್ಪೆ ಸುಲಿಯುತ್ತದೆ, ನುಂಗುತ್ತದೆ. ಕಾಡಿನ ಹಕ್ಕಿ ಸರಿಕಾಣದ ಮರ ಬಿಟ್ಟು ಹಾರಿಹೋಗುತ್ತದೆ. ಪಂಜರದ್ದಕ್ಕೆ ನಾವು ಕೊಟ್ಟದ್ದೇ ಮರ.

ಈಚೆಗೆ ಈ ಕೆಲಸಕ್ಕೆ ಇಳಿದಿರುವ ಕೆಲವರು ಫೋನ್ ಮಾಡಿ ಕೇಳುತ್ತಾರೆ. ಯಾವ ಮರ ಆಗುತ್ತದೆ, ಎಷ್ಟು ಹೊತ್ತು ಕುದಿಸಬೇಕು, ಬೂಸ್ಟು ಬಂದರೆ ಏನು ಮಾಡಬೇಕು. ಅವರಿಗೆಲ್ಲ ಒಂದು ಪಟ್ಟಿ ಕಳಿಸುತ್ತೇನೆ. ಪಟ್ಟಿಯಲ್ಲಿ ಹಿಡಿಸದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುವುದು ನ್ಯಾಯ. ಕೊನೆಯ ಒಂದೂವರೆ ವರ್ಷ ಆ ಶೆಡ್ಡಿನಲ್ಲಿ ಉಳಿಯುವುದಕ್ಕಾಗಿ ನಾನು ಸುಳ್ಳು ಹೇಳಿದೆ. ಮರದ ಧೂಳು ನನ್ನ ಉಸಿರನ್ನು ಹಿಡಿಯುತ್ತಿತ್ತು. ಅದು ಗೊತ್ತಾದರೆ ನನ್ನನ್ನು ಮನೆಗೆ ಕಳಿಸುತ್ತಾರೆಂದು ತಿಳಿದಿತ್ತು. ಮನೆಗೆ ಹೋಗಲು ನನಗೆ ಇಷ್ಟವಿರಲಿಲ್ಲ.

ಶೆಡ್ಡು ಇದ್ದದ್ದು ಹುಣಸಮಾರನಹಳ್ಳಿಯ ಹಿಂಭಾಗದಲ್ಲಿ, ಮುನಿರಾಜಣ್ಣನ ಜಾಗದಲ್ಲಿ. ಅವರದು ಅಲ್ಲಿನ ಹಳೆಯ ಒಕ್ಕಲು ಮನೆತನ. ಹೊಲದಲ್ಲಿ ಈಗ ಬಾಡಿಗೆ ಮನೆಗಳ ಸಾಲು ನಿಂತಿದೆ. ಉಳಿದದ್ದು ಒಂದು ದನದ ಕೊಟ್ಟಿಗೆ. ಹಸುಗಳು ಹೋದ ಮೇಲೆ ಅದರಲ್ಲಿ ಅವರು ಲವ್ ಬರ್ಡ್ಸ್ ಸಾಕಿದ್ದರು. ತಮ್ಮ ಹಕ್ಕಿಗಳಿಗೆ ಮಾಡಿಕೊಂಡ ಕೊಂಬೆಗಳನ್ನು ಯಾರೋ ಕೇಳಿದರು, ಅವರ ಪರಿಚಯದವರು ಕೇಳಿದರು, ಹಾಗೆ ಅದು ವ್ಯಾಪಾರವಾಯಿತು. ಅಂಗಡಿಯವನೊಬ್ಬ, ಓದಿದವರು ಯಾರಾದರೂ ಮರಗಳ ಹೆಸರು ಬರೆದು ಸಹಿ ಹಾಕಿದರೆ ಮಾತ್ರ ಕೊಳ್ಳುತ್ತೇನೆ ಎಂದು ಹಟ ಹಿಡಿದನಂತೆ. ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಆರ್.ಟಿ. ನಗರದ ಮನೆಯಲ್ಲಿ ಕುಳಿತಿದ್ದ ನಾನು ಆ ಸಹಿಗಾಗಿ ಅಲ್ಲಿಗೆ ಹೋದೆ.

ಮೊದಲ ದಿನವೇ ಮುನಿರಾಜಣ್ಣ ಒಂದು ರಾಶಿ ತೋರಿಸಿದರು. ಯಾವುದೋ ಬಂಗಲೆಯ ಕಾಂಪೌಂಡಿನಲ್ಲಿ ಸವರಿದ ಕೊಂಬೆಗಳು. ಒಂದು ಎಲೆಯೂ ಇರಲಿಲ್ಲ. ಬಂಗಲೆಯವರು ಮಾವು ಎಂದು ಹೇಳಿ ಕಳಿಸಿದ್ದರು. ನಾನು ತೊಗಟೆ ನೋಡಿದೆ, ಕವಲೊಡೆದ ರೀತಿ ನೋಡಿದೆ, ಪುಸ್ತಕದಲ್ಲಿ "ಮಾವು" ಎಂದು ಬರೆದು ಸಹಿ ಹಾಕಿದೆ.

ಅವರು ಕೂತಲ್ಲಿಂದಲೇ ಎರಡು ಕೊಂಬೆ ಎಳೆದುಕೊಂಡು ಹೆಬ್ಬೆರಳಿನ ಉಗುರಿನಿಂದ ತೊಗಟೆ ಕೆರೆದರು. "ಮೂಸು" ಎಂದರು. ಒಂದರಲ್ಲಿ ಮಾವಿನ ಸೊನೆಯ ಘಾಟು. ಇನ್ನೊಂದರಲ್ಲಿ ಅದಿಲ್ಲ, ಹಸಿ ಸೊಪ್ಪಿನಂಥ ಮಂಕು ವಾಸನೆ.

"ಏನಿದು?" ಎಂದೆ.

"ಬೆಣ್ಣೆಹಣ್ಣಿನ ಮರ ಕಣಮ್ಮ. ಎರಡೂ ಮರ ಒಂದೇ ಕಾಂಪೌಂಡ್‌ನಾಗೆ ಇರ್ತವೆ. ಕಡಿಯೋನು ಎಲ್ಲಾ ಒಂದೇ ರಾಶಿ ಮಾಡ್ತಾನೆ. ಮನುಷ್ಯ ಇದ್ರ ಅಣ್ಣು ತಿಂದು ದಪ್ಪ ಆಗ್ತಾನೆ. ಪಕ್ಷಿ ಇದ್ರ ತೊಗಟೆ ಕಚ್ಚಿದ್ರೆ ಎದೆ ನಿಂತೋಗ್ತದೆ. ಈಗ ಏಳು, ಸಹಿ ಆಕಿದ್ದು ಯಾರು?"

"ನಾನು."

"ಎಮ್ಮೆಸ್ಸಿ ಮೇಡಂಗೆ ಎಲೆ ಕೊಟ್ರೆ ಪಾಸು. ಎಲೆ ಇಲ್ದೆ ಇದ್ರೆ ನಮ್ಮಂಗೇ."

ಅಂದು ಇಡೀ ರಾಶಿಯನ್ನು ಒಂದೊಂದಾಗಿ ಕೆರೆದು ಮೂಸಿದೆ. ಸಂಜೆಗೆ ಉಗುರು ಹಸಿರಾಗಿತ್ತು, ತಲೆ ನೋಯುತ್ತಿತ್ತು. ವಿಶ್ವವಿದ್ಯಾಲಯದಲ್ಲಿ ಐದು ವರ್ಷ ಯಾರೂ ನನಗೆ ಮರವನ್ನು ಮೂಸಲು ಹೇಳಿರಲಿಲ್ಲ. ಆಮೇಲಿನ ವರ್ಷಗಳಲ್ಲಿ ಅದೇ ನನ್ನ ವಿದ್ಯೆಯಾಯಿತು. ಸೀಬೆಯ ಹಸಿ ಕೊಂಬೆಗೆ ಮಳೆ ಬಿದ್ದ ಬಟ್ಟೆಯ ವಾಸನೆಯಿದೆ. ನೇರಳೆಗೆ ಸ್ವಲ್ಪ ಒಗರು, ನಾಲಿಗೆಗೇ ಗೊತ್ತಾಗುವಂಥದ್ದು. ಹುಣಸೆಯನ್ನು ಗರಗಸಕ್ಕೆ ಕೊಟ್ಟಾಗ ಹುರಿದ ಕಡಲೆಯ ಹಾಗೆ. ಬೇವು ಎಲ್ಲರಿಗೂ ಗೊತ್ತು ಎನ್ನುತ್ತಾರೆ. ಎಲೆಯ ವಾಸನೆ ಗೊತ್ತಿರುತ್ತದೆ, ಒಳಮರದ್ದು ಬೇರೆ, ಅದರಲ್ಲಿ ಬೆಳ್ಳುಳ್ಳಿಯ ಎಳೆಯೊಂದಿದೆ. ಈಗ ಇವನ್ನು ಬರೆಯುವಾಗ ಪದಗಳು ಬರುತ್ತವೆ, ವಾಸನೆ ಬರುವುದಿಲ್ಲ.

ಮೂಸುವುದು ಹೆಸರಿಗಾಗಿ ಮಾತ್ರವಲ್ಲ. ಸೀಮೆಎಣ್ಣೆ, ಗೆದ್ದಲಿನ ಮದ್ದು, ಬಣ್ಣ, ಡೀಸೆಲ್ಲು, ಯಾವುದು ತಾಗಿದ್ದರೂ ಮರ ಅದನ್ನು ಇಟ್ಟುಕೊಂಡಿರುತ್ತದೆ. ಏರ್‌ಪೋರ್ಟ್ ರಸ್ತೆಯ ಬದಿಯ ಮರಗಳನ್ನು ನಾವು ಎಂದೂ ತೆಗೆದುಕೊಳ್ಳುತ್ತಿರಲಿಲ್ಲ. ಕೆರೆಯಂಚಿನಲ್ಲಿ ಬಿದ್ದ, ನೋಡಲು ಬಹಳ ಚೆಂದವಾದ ಬಿಳಿಚಿದ ಬೊಡ್ಡೆಗಳನ್ನೂ ಮುಟ್ಟುತ್ತಿರಲಿಲ್ಲ. ಊರಿನ ಕೊಳಚೆ ಎಲ್ಲಿ ಸೇರುತ್ತದೆಂದು ನೋಡಿದವರಿಗೆ ಕಾರಣ ಹೇಳಬೇಕಿಲ್ಲ.

ಆ ಕಾಲಕ್ಕೆ ನಮ್ಮಲ್ಲಿ ಬೇಕರಿಯಂಥ ಮುಚ್ಚಿದ ಒಲೆಯಿರಲಿಲ್ಲ. ಕೊಂಬೆಯನ್ನು ಬರಿ ನೀರಿನಲ್ಲಿ ನಾರಿನ ಬ್ರಷ್ಷಿನಿಂದ ಉಜ್ಜಿ, ಡ್ರಮ್ಮಿನಲ್ಲಿ ಕುದಿಸಿ, ನೆರಳಿನಲ್ಲಿ ಒಣಗಿಸುತ್ತಿದ್ದೆವು. ಸೋಪು ಹಾಕಬಾರದು, ಮರ ಅದನ್ನು ಕುಡಿದುಬಿಡುತ್ತದೆ. ಒಳಗೆ ಉಳಿದ ಹುಳು ಮೊಟ್ಟೆ ಸಾಯಲು ಒಣಶಾಖ ಬೇಕು. ಅದಕ್ಕೆ ಯಲಹಂಕದ ಹಳೆಯ ಪೇಟೆಯಲ್ಲಿ ಸೌದೆ ಒಲೆಯ ಬೇಕರಿಯೊಂದನ್ನು ಮುನಿರಾಜಣ್ಣ ಗೊತ್ತುಮಾಡಿದ್ದರು. ಬೆಳಗಿನ ಬನ್ನು, ಬ್ರೆಡ್ಡು ಹೊರಬಂದ ಮೇಲೆ ಒಲೆ ಮಧ್ಯಾಹ್ನದವರೆಗೂ ಹದವಾಗಿ ಬಿಸಿಯಿರುತ್ತದೆ. ಬನ್ನು ಇಳಿದ ಜಾಗಕ್ಕೆ ನಮ್ಮ ಕೊಂಬೆ ಹೋಗುತ್ತಿತ್ತು. ಕೈ ಒಳಗಿಟ್ಟು ಹತ್ತು ಎಣಿಸುವಷ್ಟು ಹೊತ್ತು ತಾಳಿಕೊಳ್ಳಬಹುದಾದರೆ ಸರಿಯಾದ ಶಾಖ ಎಂದು ಬೇಕರಿಯ ರಂಗಸ್ವಾಮಿ ಕಲಿಸಿದರು. ಥರ್ಮಾಮೀಟರ್ ತಂದು ನೋಡಿದೆ. ಅವರ ಎಣಿಕೆಯೇ ಸರಿಯಿತ್ತು.

ಒಂದು ಮಳೆಗಾಲ ಆರ್ಡರಿನ ಅವಸರಕ್ಕೆ ನಾನು ಪೂರ್ತಿ ಒಣಗದ ದಪ್ಪ ನೇರಳೆ ಕೊಂಬೆಗಳನ್ನು ಒಲೆಗೆ ಇಟ್ಟೆ. ಅರ್ಧ ಗಂಟೆಗೆ ಒಳಗಿನಿಂದ ಪಟಾಕಿಯ ಸದ್ದು ಕೇಳಿತು. ಒಳಗಿನ ನೀರು ಆವಿಯಾಗಿ ಕೊಂಬೆ ಸೀಳಿ ಒಲೆಯ ಬಾಗಿಲಿನ ತಗಡು ಹಾರಿ ಬಿತ್ತು. ಅಂಗಡಿಯ ಮುಂದೆ ಟೀ ಕುಡಿಯುತ್ತಿದ್ದವರು ರಸ್ತೆಗೆ ಓಡಿದರು.

ರಂಗಸ್ವಾಮಿ ಹಿಟ್ಟಿನ ಕೈ ಮೇಲೆತ್ತಿಕೊಂಡೇ ಬಂದರು. "ಏನ್ ಮೇಡಂ, ಗಿಳಿಗೆ ಗೂಡ್ ಮಾಡ್ತಿದೀರೋ ನನ್ ಅಂಗ್ಡಿಗೆ ಬಾಂಬ್ ಇಡ್ತಿದೀರೋ? ಮೊದ್ಲೇ ಗಿರಾಕಿಗಳು ಬನ್ ಯಾಕೋ ಕಷಾಯದ್ ವಾಸ್ನೆ ಅಂತವ್ರೆ."

"ಕ್ಷಮಿಸಿ, ತಪ್ಪು ನನ್ನದು" ಎಂದೆ.

"ಮಾತಾಡೋದೇ ಕಮ್ಮಿ, ಆಡಿದ್ರೆ ಒಂದು ಕ್ಷಮಿಸಿ" ಎಂದು ಅವರು ಬನ್ನೊಂದನ್ನು ಕಾಗದದಲ್ಲಿ ಸುತ್ತಿ ಕೈಗೆ ಕೊಟ್ಟರು. "ತಿನ್ನಿ. ವಾಸ್ನೆ ಬರ್ತದಾ ನೋಡಿ."

ಬರುತ್ತಿತ್ತು. ಸೀಬೆಯ ವಾಸನೆ, ಬಹಳ ಸಣ್ಣಗೆ. ಇಲ್ಲವೆಂದು ಹೇಳಿದೆ.

ಇದಕ್ಕಿಂತ ದೊಡ್ಡ ತಪ್ಪು ಒಂದಿದೆ. ಅದನ್ನು ಬರೆಯದೆ ಬಿಡುವ ಆಸೆಯಿತ್ತು. ಆದರೆ ಈ ಕೆಲಸಕ್ಕೆ ಬರುವವರು ತಿಳಿಯಲೇಬೇಕಾದದ್ದು ಅದೇ.

ಬಾಗಲೂರಿನಾಚೆ ಒಂದು ದ್ರಾಕ್ಷಿ ತೋಟವನ್ನು ಲೇಔಟಿಗಾಗಿ ಕಿತ್ತುಹಾಕುತ್ತಿದ್ದರು. ಹಳೆಯ ದ್ರಾಕ್ಷಿ ಬಳ್ಳಿಯ ಕಾಂಡ ತೋಳಿನಷ್ಟು ದಪ್ಪ, ತಿರುಚಿಕೊಂಡು ಬೆಳೆದಿರುತ್ತದೆ, ತೊಗಟೆ ಉದ್ದುದ್ದ ಎಳೆಯಾಗಿ ಸುಲಿದು ಬರುತ್ತದೆ. ಹಕ್ಕಿಗಳಿಗೆ ಅದನ್ನು ಸುಲಿಯುವುದೆಂದರೆ ಹಬ್ಬ. ದ್ರಾಕ್ಷಿ ಎಲ್ಲ ಪಟ್ಟಿಗಳಲ್ಲೂ ಒಳ್ಳೆಯ ಮರವೇ. ತೋಟದವರನ್ನು ಕೇಳಿದೆ. ಮೂರು ವರ್ಷದಿಂದ ತೋಟ ಪಾಳು ಬಿದ್ದಿದೆ, ಏನೂ ಹೊಡೆದಿಲ್ಲ ಎಂದರು. ಅವರು ಸುಳ್ಳು ಹೇಳಲಿಲ್ಲ. ಮೂರು ಮಳೆಗಾಲದ ನೀರು ಬಿದ್ದ ಮೇಲೆ ಏನು ಉಳಿದೀತು ಎಂದು ನಾನೇ ಲೆಕ್ಕ ಹಾಕಿದೆ. ತೊಗಟೆ ಸುಲಿದುಬಿಡೋಣವೇ ಎಂದು ಮುನಿರಾಜಣ್ಣ ಕೇಳಿದರು. ಬೇಡ, ತೊಗಟೆಯೇ ಅದರ ಚೆಂದ ಎಂದೆ. ಮೂಸಿದೆ. ಏನೂ ವಾಸನೆಯಿರಲಿಲ್ಲ.

ಆರ್.ಟಿ. ನಗರದಲ್ಲಿ ನಮ್ಮ ಮನೆಯಿಂದ ಎರಡು ರಸ್ತೆ ಆಚೆ ನಿವೃತ್ತ ಶಿಕ್ಷಕಿ ವನಜಾಕ್ಷಿ ಮೇಡಂ ಇದ್ದರು. ಅವರ ಬಳಿ ಕಾಕಟೀಲ್ ಎಂಬ ಜುಟ್ಟಿನ ಗಿಳಿಯಿತ್ತು, ಹೆಸರು ಪುಟ್ಟಯ್ಯ. ನಮ್ಮ ದ್ರಾಕ್ಷಿ ಕಾಂಡ ಹೋಗಿ ಎರಡು ವಾರಕ್ಕೆ ಪುಟ್ಟಯ್ಯ ತಿನ್ನುವುದು ಬಿಟ್ಟ. ವೈದ್ಯರು ಕೊಂಬೆಯನ್ನು ತರಿಸಿ, ತೊಗಟೆಯ ಬಿರುಕಿನಲ್ಲಿ ತಿಳಿನೀಲಿ ಪುಡಿಯನ್ನು ತೋರಿಸಿದರು. ಮೈಲುತುತ್ತ. ದ್ರಾಕ್ಷಿ ಬಳ್ಳಿಗೆ ಬೂಸ್ಟು ಹಿಡಿಯದಿರಲೆಂದು ವರ್ಷಕ್ಕೆ ಹಲವು ಸಲ ಅದನ್ನು ಸುಣ್ಣದ ಜೊತೆ ಕಲಸಿ ಹೊಡೆಯುತ್ತಾರೆ. ಅದರ ತಾಮ್ರ ಮಳೆಗೆ ಪೂರ್ತಿ ಹೋಗುವುದಿಲ್ಲ, ಬೆಂಕಿಗೆ ಸುಡುವುದಿಲ್ಲ, ಮೂಗಿಗೆ ಸಿಕ್ಕುವುದಿಲ್ಲ. ಇದೇ ಕಾರಣವೆಂದು ವೈದ್ಯರು ಖಚಿತವಾಗಿ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಪುಟ್ಟಯ್ಯ ಸತ್ತ ಮರುದಿನ ನಾನೊಬ್ಬಳೇ ಅವರ ಮನೆಗೆ ಹೋದೆ. ಅವರು ಬಯ್ಯಲಿಲ್ಲ. ಖಾಲಿ ಪಂಜರ ಇನ್ನೂ ಕಿಟಕಿಯ ಹತ್ತಿರವೇ ಇತ್ತು.

"ನೀನು ಕೊಂಬೆ ನೋಡಿದ್ಯಾ?" ಎಂದು ಕೇಳಿದರು.

"ನೋಡಿದ್ದೆ ಮೇಡಂ."

"ಸರಿಯಾಗಿ ನೋಡಿದ್ಯಾ?"

"ಮರ ನೋಡಿದೆ. ಅದು ಎಲ್ಲಿ ನಿಂತಿತ್ತು ಅಂತ ಯೋಚಿಸ್ಲಿಲ್ಲ."

"ಹಾಗಾದ್ರೆ ಅದನ್ನ ಬರ್ದಿಟ್ಕೋ" ಎಂದರು, ತರಗತಿಯಲ್ಲಿ ಹೇಳುವಂತೆ. "ಬರೀದೇ ಇದ್ರೆ ಮರೀತೀಯ."

ಬರೆದಿಟ್ಟುಕೊಂಡೆ. ಅಂದಿನಿಂದ ನಮ್ಮ ಪುಸ್ತಕದಲ್ಲಿ ಮರದ ಹೆಸರಿನ ಪಕ್ಕ ಇನ್ನೊಂದು ಕಾಲಮ್ಮು ಬಂತು: ಎಲ್ಲಿ ನಿಂತಿತ್ತು, ಅಲ್ಲಿ ಮೊದಲು ಏನಿತ್ತು, ಅದಕ್ಕೂ ಮೊದಲು ಏನಿತ್ತು. ಬೆಳೆಯ ತೋಟದಿಂದ ಬಂದ ಯಾವ ಕೊಂಬೆಯೂ, ಎಷ್ಟು ವರ್ಷ ಪಾಳು ಬಿದ್ದಿದ್ದರೂ, ನಮ್ಮ ಶೆಡ್ಡಿನೊಳಗೆ ಬರಲಿಲ್ಲ. ಮನೆಯ ಹಿತ್ತಿಲಿನ ಮರಗಳನ್ನು ಮಾತ್ರ ತೆಗೆದುಕೊಂಡೆವು. ಮುನಿರಾಜಣ್ಣ ಆ ವಿಷಯ ಮತ್ತೆ ಎತ್ತಲೇ ಇಲ್ಲ. ಆದರೆ ಆಮೇಲೆ ನಾನು ಏನಾದರೂ ಖಂಡಿತವಾಗಿ ಹೇಳಿದರೆ "ಇನ್ನೊಂದು ಸಲ ನೋಡಮ್ಮ" ಎನ್ನುವುದು ಅವರಿಗೆ ರೂಢಿಯಾಯಿತು.

ಶಾಂತಕ್ಕ ಬಂದದ್ದು ಅದೇ ವರ್ಷ. ಗದಗದ ಕಡೆಯವರು, ಗಂಡ ಯಶವಂತಪುರದ ಫ್ಯಾಕ್ಟರಿಯೊಂದರಲ್ಲಿ. ಮುನಿರಾಜಣ್ಣನ ಬಾಡಿಗೆ ಮನೆಗಳಲ್ಲೊಂದರಲ್ಲಿ ಇದ್ದರು. ಕೊಂಬೆ ತೊಳೆಯಲು ಸೇರಿದರು. ನನಗಿಂತ ಹದಿನೈದು ವರ್ಷ ದೊಡ್ಡವರಾದರೂ ನನ್ನನ್ನು "ಅಕ್ಕಾರ" ಎಂದೇ ಕರೆಯುತ್ತಿದ್ದರು. ಮಾತು ಧಾರಾಳ. ನನ್ನ ಪಾಲಿನದನ್ನೂ ಅವರೇ ಆಡುತ್ತಿದ್ದರು.

"ಅಕ್ಕಾರ, ನಮ್ಮೂರಾಗ ಮಂದಿಗೆ ಕುಡಿಯಾಕ ನೀರಿಲ್ಲ, ಇಲ್ಲಿ ನೀವು ಕಟಗಿಗೆ ಮೂರ ಸಲ ಜಳಕಾ ಮಾಡಸ್ತೀರಿ."

"ಹಕ್ಕಿ ಕಚ್ಚತ್ತಲ್ಲ ಶಾಂತಕ್ಕ."

"ಕಚ್ಚಲಿ ಬಿಡ್ರಿ, ಪುಣ್ಯೇದ ಹಕ್ಕಿ. ನನ್ನ ಗಂಡಗ ಇಷ್ಟ ತಿಕ್ಕಿ ತೊಳದಿದ್ರ ಇಷ್ಟೊತ್ತಿಗೆ ಬೆಳ್ಳಗಾಗಿರ್ತಿದ್ದ."

ಆರ್ಡರು ಹೆಚ್ಚಿತು. ಬೇಕರಿ ಮುಚ್ಚಿ ಅಲ್ಲಿ ಮೊಬೈಲ್ ಅಂಗಡಿ ಬಂದ ಮೇಲೆ ನಾವು ವಿದ್ಯುತ್ ಒಲೆ ಕೊಂಡೆವು. ಅಲ್ಲಿಯವರೆಗೆ ಕೊಂಬೆಯ ತುದಿಗಳನ್ನು ಕೈಯಲ್ಲೇ ಮರಳು ಕಾಗದದಿಂದ ನಯಮಾಡುತ್ತಿದ್ದೆವು. ಹಕ್ಕಿಯ ಅಂಗಾಲಿಗೆ ಸಿಬಿರು ಚುಚ್ಚಬಾರದು. ಯಂತ್ರ ತರೋಣ ಎಂದದ್ದು ನಾನು. ಮುನಿರಾಜಣ್ಣನಿಗೆ ಮನಸ್ಸಿರಲಿಲ್ಲ. "ಶಬ್ದ ಆಗ್ತದೆ, ಪಕ್ಷಿ ಎದರ್ತವೆ" ಎಂದರು. ಹಕ್ಕಿಗಳ ಗೂಡುಗಳನ್ನು ಆಚೆ ಬದಿಗೆ ಸಾಗಿಸಿ, ಮಧ್ಯೆ ಗೋಡೆ ಕಟ್ಟಿಸಿ, ಧೂಳು ಅವುಗಳ ಕಡೆ ಹೋಗದಂತೆ ಫ್ಯಾನು ಹಾಕಿಸಿದೆ. ಹಕ್ಕಿಯ ಶ್ವಾಸಕೋಶ ಎಷ್ಟು ಸೂಕ್ಷ್ಮ ಎಂದು ಅವರಿಗೆ ವಿವರಿಸಿದ್ದು ನೆನಪಿದೆ. ಫ್ಯಾನಿನ ಈ ಬದಿಗೆ ಯಂತ್ರದ ಮುಂದೆ ನಾನು ನಿಲ್ಲುತ್ತಿದ್ದೆ.

ಮಾಸ್ಕು ಇತ್ತು. ಮುನಿರಾಜಣ್ಣನೇ ತಂದುಕೊಟ್ಟಿದ್ದರು, ಒಳ್ಳೆಯದೇ. ಅದು ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು. ಹಾಕಿಕೊಂಡರೆ ಮರದ ವಾಸನೆ ಸಿಗುವುದಿಲ್ಲ. ನಯಮಾಡುವಾಗ ಮರ ಬಿಸಿಯಾಗಿ ಒಳಗಿನ ವಾಸನೆ ಬಿಡುತ್ತದೆ, ಒಮ್ಮೊಮ್ಮೆ ಹೊರಗೆ ಗೊತ್ತಾಗದ ಮದ್ದಿನ ಸುಳಿವು ಆಗ ಸಿಗುತ್ತದೆ. ಪುಟ್ಟಯ್ಯನ ನಂತರ ಆ ಕೊನೆಯ ಅವಕಾಶವನ್ನು ಬಿಡಲು ನನಗೆ ಧೈರ್ಯವಿರಲಿಲ್ಲ. ಕಾರಣ ಅಷ್ಟೇ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ನಿಜವೆಂದರೆ ಆ ವಾಸನೆ ನನಗೆ ಬೇಕಾಗಿತ್ತು. ಬೆಳಗ್ಗೆ ಬಸ್ಸಿಳಿದು ಶೆಡ್ಡಿನ ಬಾಗಿಲು ತೆಗೆದಾಗ ಎದುರಾಗುವ, ಹಿಂದಿನ ದಿನದ ಎಲ್ಲ ಮರಗಳೂ ಬೆರೆತ ಆ ವಾಸನೆಯಲ್ಲಿ ನಾನು ಯಾರೊಡನೆಯೂ ಮಾತನಾಡಬೇಕಾಗಿರಲಿಲ್ಲ.

ಮೊದಲು ಸೀನು ಬಂತು, ಆಮೇಲೆ ಬೆಳಗಿನ ಹೊತ್ತು ಕೆಮ್ಮು. ಯಲಹಂಕದ ವೈದ್ಯರು ಕೊಳವೆಯೊಂದರಲ್ಲಿ ಊದಿಸಿ ನೋಡಿ ಕೆಲಸವೇನೆಂದು ಕೇಳಿದರು. ಹೇಳಿದೆ. "ಬಿಟ್ಬಿಡಿ" ಎಂದರು. ಅರ್ಧ ಬಿಡಲೇ ಎಂದು ಕೇಳಿದೆ. ಧೂಳು ಒಗ್ಗದವರಿಗೆ ಅರ್ಧ ಎನ್ನುವುದು ಇಲ್ಲ ಎಂದರು. ಇನ್‌ಹೇಲರ್ ಬರೆದುಕೊಟ್ಟರು. ಅದನ್ನು ಟಿಫನ್ ಚೀಲದ ಅಡಿಯಲ್ಲಿ ಇಟ್ಟುಕೊಂಡು ಒಂದೂವರೆ ವರ್ಷ ಕೆಲಸಕ್ಕೆ ಹೋದೆ. ಉಸಿರು ಸಿಕ್ಕಿಕೊಂಡಾಗ ಡ್ರಮ್ಮಿನ ಹಿಂದೆ ಹೋಗುತ್ತಿದ್ದೆ, ಲೆಕ್ಕದ ಪುಸ್ತಕ ನೋಡುವವಳಂತೆ ಬಗ್ಗಿ ನಿಲ್ಲುತ್ತಿದ್ದೆ. ಮೆಟ್ಟಿಲು ಹತ್ತುವಾಗ ಫೋನ್ ಬಂದಂತೆ ನಟಿಸಿ ನಿಲ್ಲುತ್ತಿದ್ದೆ. ಮಾತು ಕಡಿಮೆಯವಳೆಂದು ಎಲ್ಲರಿಗೂ ಗೊತ್ತಿದ್ದರಿಂದ, ಮಾತನಾಡಲು ಉಸಿರಿಲ್ಲವೆಂಬುದು ಯಾರಿಗೂ ಗೊತ್ತಾಗಲಿಲ್ಲ.

ಶಾಂತಕ್ಕನಿಗೆ ಗೊತ್ತಾಯಿತು. ಒಂದು ಮಧ್ಯಾಹ್ನ ಡ್ರಮ್ಮಿನ ಹಿಂದೆ ನಾನು ಇನ್‌ಹೇಲರ್ ಬಾಯಿಗಿಟ್ಟಿದ್ದಾಗ ಬಕೆಟ್ಟು ಹಿಡಿದು ಬಂದು ನಿಂತರು.

"ಎಷ್ಟ ದಿನಾ ಆತ್ರಿ ಇದು?"

"ಈಗ್ಲೇ. ನೆಗಡಿ."

"ನಮ್ಮ ದೊಡ್ಡವ್ವಗ ದಮ್ಮಿತ್ತು ಅಕ್ಕಾರ. ನೆಗಡಿ ಯಾವುದು ದಮ್ಮ ಯಾವುದು ನನಗ ಗೊತ್ತಿಲ್ಲೇನು?"

ನಾನು ಆವರೆಗೆ ಯಾರ ಮುಂದೆಯೂ ಬೇಡಿಕೊಂಡವಳಲ್ಲ. ಅಂದು ಶಾಂತಕ್ಕನ ಒದ್ದೆ ಕೈ ಹಿಡಿದುಕೊಂಡೆ. "ಮುನಿರಾಜಣ್ಣಂಗೆ ಹೇಳ್ಬೇಡಿ. ದೀಪಾವಳಿ ಆರ್ಡರ್ ಮುಗೀಲಿ, ನಾನೇ ಹೇಳ್ತೀನಿ. ಮಾಸ್ಕ್ ಹಾಕ್ಕೋತೀನಿ."

"ಆಣಿ ಮಾಡ್ರಿ."

ಆಣೆ ಮಾಡಿದೆ. ಎರಡು ದಿನ ಮಾಸ್ಕು ಹಾಕಿಕೊಂಡೆ. ಮೂರನೆಯ ದಿನ ಹುಣಸೆ ಬಂದಿತ್ತು. ಅದನ್ನು ಯಂತ್ರಕ್ಕೆ ಕೊಟ್ಟಾಗ ಮಾಸ್ಕನ್ನು ಕುತ್ತಿಗೆಗೆ ಇಳಿಸಿದೆ. ತೊಳೆಯುವ ತೊಟ್ಟಿಯ ಹತ್ತಿರ ನಿಂತು ಶಾಂತಕ್ಕ ನೋಡುತ್ತಿದ್ದುದು ನನಗೆ ಕಾಣಿಸಿತು.

ಮರುದಿನ ಬೆಳಗ್ಗೆ ಮುನಿರಾಜಣ್ಣ ಗೇಟಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ನನ್ನ ಪೆನ್ನು, ಭೂತಗನ್ನಡಿ, ಉಗುರು ತಿಕ್ಕುವ ಬ್ರಷ್ಷು ಒಂದು ಬಟ್ಟೆಚೀಲದಲ್ಲಿ ಅವರ ತೊಡೆಯ ಮೇಲಿದ್ದವು.

"ಒಳಕ್ಕೆ ಬರ್ಬೇಡಮ್ಮ."

"ಇವತ್ತೊಂದಿನ ಅಣ್ಣ. ಪುಸ್ತಕ ಬರೆದಿಟ್ಟು ಹೋಗ್ತೀನಿ."

"ಪುಸ್ತಕಾನ ಇಲ್ಲಿಗೇ ತರಿಸ್ತೀನಿ, ಇಲ್ಲೇ ಬರಿ." ಅವರು ನನ್ನ ಮುಖ ನೋಡುತ್ತಿರಲಿಲ್ಲ. "ಅನ್ನೊಂದು ವರ್ಸ ಪಕ್ಷಿಗೆ ಗಾಳಿ ಎಂಗಿರ್ಬೇಕು ಅಂತ ನನಗೆ ಪಾಠ ಏಳಿದೀಯ. ನಿನಗೆ ಶ್ವಾಸ ಇಲ್ವೇನಮ್ಮ? ನಾನೂ ನೋಡ್ಲಿಲ್ಲ. ನಂದೂ ತಪ್ಪೇ."

"ಯಾರು ಹೇಳಿದ್ದು?"

ಶೆಡ್ಡಿನೊಳಗೆ ಬ್ರಷ್ಷಿನ ಸದ್ದು ನಿಂತಿತ್ತು.

ಆ ದಿನದಿಂದ ಶಾಂತಕ್ಕನೊಡನೆ ನಾನು ಮಾತು ಬಿಟ್ಟೆ. ಅವರ ಫೋನ್ ಬಂದರೆ ಎತ್ತಲಿಲ್ಲ. ಯುಗಾದಿಗೆ ಹೋಳಿಗೆ ಕಟ್ಟಿಕೊಂಡು ಮನೆಗೆ ಬಂದಿದ್ದರು. ಒಳಗಿದ್ದುಕೊಂಡೇ, ಇಲ್ಲವೆಂದು ಅಮ್ಮನಿಂದ ಹೇಳಿಸಿದೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ. ನನ್ನ ಉಸಿರು ಆಗಲೇ ಎಷ್ಟೋ ಸುಧಾರಿಸಿತ್ತು, ರಾತ್ರಿ ಮಲಗಲಾಗುತ್ತಿತ್ತು. ಅದು ಅವರಿಂದ ಎಂದು ತಿಳಿದಿತ್ತು. ತಿಳಿದೂ ನನಗೆ ಬೇಕಾಗಿದ್ದದ್ದು ಆ ಶೆಡ್ಡು.

ಈಗ ಅನುವಾದದ ಕೆಲಸ ಮಾಡುತ್ತೇನೆ, ಕಿಟಕಿ ಮುಚ್ಚಿಕೊಂಡು. ರಸ್ತೆಯಲ್ಲಿ ಮರ ಸವರುವವರು ಬಂದರೆ ಕಾಲು ತಾನಾಗಿ ಬಾಲ್ಕನಿಗೆ ಹೋಗುತ್ತದೆ. ಕೊಂಬೆ ಬೀಳುವುದನ್ನು ನೋಡುತ್ತೇನೆ. ಇದು ದಪ್ಪ, ಇದು ಕಾಕಟೀಲ್‌ಗೆ ಸರಿ, ಇದರ ಕವಲು ಚೆನ್ನಾಗಿದೆ ಎಂದು ಮನಸ್ಸು ವಿಂಗಡಿಸುತ್ತದೆ. ಅವರು ಎಲ್ಲವನ್ನೂ ಕಸದ ಲಾರಿಗೆ ತುಂಬಿಕೊಂಡು ಹೋಗುತ್ತಾರೆ.

ಕಳೆದ ತಿಂಗಳು ಶಾಂತಕ್ಕನ ಫೋನ್ ಬಂದಾಗ ಯಾಕೋ ಎತ್ತಿದೆ. ಅವರು ಕುಶಲ ಕೇಳಲಿಲ್ಲ.

"ಅಕ್ಕಾರ, ಹೆಸರಘಟ್ಟದ ಕಡಿಂದ ಒಂದ ಗಾಡಿ ಸೀಬಿ ಬಂದೈತಿ. ಹಿತ್ತಲ ಗಿಡಾ ಅಂತಾರ, ಏನೂ ಹೊಡದಿಲ್ಲಂತ. ಅಣ್ಣಾರು ತಗೊಳ್ಳೂಣು ಅಂತಾರ. ನನಗ ಯಾಕೋ ಮನಸ ಒಪ್ಪವಲ್ದು. ಫೋಟೋ ಕಳಿಸೀನಿ, ನೋಡ್ರಿ."

ನೋಡಿದೆ. ಸೀಬೆಯೇ. ಚೊಕ್ಕ ತೊಗಟೆ, ಎಲೆಯಲ್ಲಿ ಕಲೆಯಿಲ್ಲ. ತೆಗೆದುಕೊಳ್ಳಬಹುದು ಎಂದು ಬರೆದು, ಕಳಿಸದೆ ಅಳಿಸಿದೆ. ಮತ್ತೆ ಫೋನ್ ಮಾಡಿ, "ಗಾಡಿ ನಿಲ್ಸಿ, ಬರ್ತೀನಿ" ಎಂದೆ. ಅವರು ಬೇಡವೆನ್ನುವ ಮೊದಲೇ ಫೋನ್ ಇಟ್ಟೆ. ಹೆಬ್ಬಾಳದ ಮೇಲೆ ಹೋಗುವ ಬಸ್ಸು ಹಿಡಿದೆ. ಎರಡು ವರ್ಷದ ಮೇಲೆ ಯಾರಿಗೋ ನನ್ನ ಮೂಗು ಬೇಕಾಗಿತ್ತು.

ಗೇಟಿನ ಹೊರಗೆ ಗಾಡಿ ನಿಂತಿತ್ತು. ಶಾಂತಕ್ಕ ಗೇಟಿಗೆ ಅಡ್ಡ ನಿಂತರು. ಕೂದಲು ಬೆಳ್ಳಗಾಗಿತ್ತು, ಕುತ್ತಿಗೆಯಲ್ಲಿ ಮಾಸ್ಕಿತ್ತು.

"ಒಳಗ ಬಿಡಂಗಿಲ್ರಿ. ಇಲ್ಲೇ ನಿಲ್ರಿ, ಗಾಳಿ ಆ ಕಡೆ ಬೀಸಾಕತ್ತೈತಿ." ಒಂದು ಕೊಂಬೆಯನ್ನು ಆಗಲೇ ತೊಳೆದು, ಧೂಳೇಳದಂತೆ ಒದ್ದೆಯಾಗಿಯೇ ಇಟ್ಟಿದ್ದರು. ಉಗುರಿನಿಂದ ತೊಗಟೆ ಕೆರೆದು ನನ್ನ ಮುಖದ ಹತ್ತಿರ ಹಿಡಿದರು.

ಕಣ್ಣು ಮುಚ್ಚಿ ಮೂಸಿದೆ. ಇನ್ನೊಂದು ಸಲ ಮೂಸಿದೆ. ಕೊಂಬೆಯ ತಂಪು ಮೂಗಿಗೆ ತಾಗಿತು, ಅಷ್ಟೆ. ವಾಸನೆ ತಿಳಿಯುವುದು ಕಡಿಮೆಯಾಗಿದೆ ಎಂದು ಗೊತ್ತಿತ್ತು; ಮನೆಯಲ್ಲಿ ಒಗ್ಗರಣೆ ಸೀದರೂ ನನಗೆ ಗೊತ್ತಾಗುವುದಿಲ್ಲ. ಮರ ಮಾತ್ರ ಉಳಿದಿರುತ್ತದೆ ಎಂದು ಹೇಗೋ ನಂಬಿದ್ದೆ. ಗಾಡಿಯವನು ಹಾರ್ನ್ ಒತ್ತಿದ. ಶಾಂತಕ್ಕ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಸರಿಯಿದೆ ಎಂದರೆ ಕೊಂಬೆಗಳು ಒಳಗೆ ಹೋಗುತ್ತವೆ; ಬೇಡವೆಂದರೆ ಹಿಂದೆ ಹೋಗುತ್ತವೆ; ಎರಡರಲ್ಲಿ ಯಾವುದನ್ನು ಹೇಳಿದರೂ ನಾನು ಆ ಗೇಟಿಗೆ ಮತ್ತೆ ಬರಬಹುದು.

"ನನಗೆ ಗೊತ್ತಾಗ್ತಿಲ್ಲ ಶಾಂತಕ್ಕ" ಎಂದೆ. "ಏನೂ ಬರ್ತಿಲ್ಲ. ನೀವೇ ನೋಡಿ."

ಅವರು ಕೊಂಬೆಯನ್ನು ತಮ್ಮ ಮೂಗಿಗೆ ಹಿಡಿದು, ಒಂದೇ ಸಲ, ಉದ್ದಕ್ಕೆ ಉಸಿರೆಳೆದುಕೊಂಡರು. ಅಲ್ಲಿ ಎಲ್ಲವೂ ಈಗ ಹಾಗೆ ನಡೆಯುತ್ತದಂತೆ: ಗೇಟಿನ ಹೊರಗೆ, ಬಯಲಿನಲ್ಲಿ, ಒಂದು ಸಲ ಮೂಸುವುದು, ಆಮೇಲೆ ಮಾಸ್ಕು ಹಾಕಿಕೊಂಡು ಒಳಗೆ ಹೋದರೆ ಕೆಲಸ ಮುಗಿಯುವವರೆಗೆ ತೆಗೆಯುವಂತಿಲ್ಲ. ಎಷ್ಟು ಸರಳ. ಈ ಕೆಲಸಕ್ಕೆ ಬರುವವರಿಗೆ ನಾನು ಹೇಳಬೇಕಾದ ಒಂದೇ ವಿಧಾನವಿದ್ದರೆ ಅದು ಇದು, ಅದನ್ನು ಕಂಡುಹಿಡಿದದ್ದು ನಾನಲ್ಲ.

"ಗೆದ್ದಲ ಎಣ್ಣಿ" ಎಂದರು ಶಾಂತಕ್ಕ. "ಬುಡಕ್ಕ ಹೊಡದಾರ. ಸಣ್ಣಗ ಐತಿ, ಆದ್ರ ಐತಿ." ಗಾಡಿಯವನ ಕಡೆ ತಿರುಗಿ, "ಏ ಯಪ್ಪಾ, ತಿರುಗ್ಸೋ ಗಾಡಿ. ಒಂದೂ ಇಳಸಬ್ಯಾಡ" ಎಂದು ಕೂಗಿದರು.

ಗಾಡಿ ಗೊಣಗುತ್ತ ತಿರುಗಿತು. ತೊಳೆದ ಆ ಒಂದು ಕೊಂಬೆ ಅವರ ಕೈಯಲ್ಲೇ ಉಳಿದಿತ್ತು. ಎರಡು ಕವಲು, ಹೆಬ್ಬೆರಳಿನಷ್ಟು ದಪ್ಪ, ಕೆರೆದ ಕಡೆ ಹಸಿರು. ಅಷ್ಟು ವರ್ಷ ಸಾವಿರಾರು ಕೊಂಬೆಗಳನ್ನು ಮುಟ್ಟಿ ಒಂದನ್ನೂ ಮನೆಗೆ ಒಯ್ದವಳಲ್ಲ ನಾನು.

"ಅದನ್ನ ನನಗೆ ಕೊಡ್ತೀರಾ?" ಎಂದು ಕೇಳಿದೆ. "ಸುಮ್ನೆ, ಮೇಜಿನ ಮೇಲೆ ಇಟ್ಕೋತೀನಿ."

ಶಾಂತಕ್ಕ ಕೊಂಬೆಯನ್ನು ಮೊಣಕಾಲಿಗೆ ಕೊಟ್ಟು ಎರಡು ತುಂಡು ಮಾಡಿ, ಹೋಗುತ್ತಿದ್ದ ಗಾಡಿಯೊಳಕ್ಕೆ ಎಸೆದರು.

"ಹಕ್ಕಿಗೆ ಬ್ಯಾಡಾದದ್ದು ನಿಮಗ್ಯಾಕ್ರಿ?" ಎಂದರು.